ರೆಸಿಡೆನ್ಸಿ ಸಂದರ್ಶನ: ಅರ್ಜಿಯ ಮೇಲೆ ಎಷ್ಟು ಆಳಕ್ಕೆ ಕೇಳುತ್ತಾರೆ?

ಪ್ರಶ್ನೆ: ಅಮೆರಿಕದ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ (ವೈದ್ಯ ಪದವಿಯ ನಂತರ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿ) ವಿಡಿಯೊ ಸಂದರ್ಶನ ಇದೆ. ಏನನ್ನು ಮೊದಲು ಓದಿಕೊಳ್ಳಲಿ?

ಉತ್ತರ 1: ನಿಮ್ಮ ಅರ್ಜಿಯನ್ನೇ. ಅದರ ಪ್ರತಿ ಸಾಲೂ ಪ್ರಶ್ನೆಯಾಗಬಹುದು. ಸಂಶೋಧನೆ ಹಾಕಿದ್ದರೆ ವಿಧಾನ, ಮಾದರಿಯ ಗಾತ್ರ, ಫಲಿತಾಂಶ, ಮಿತಿ, ಅದರಲ್ಲಿ ನಿಮ್ಮ ಪಾಲು, ಇಷ್ಟನ್ನೂ ಎರಡು ನಿಮಿಷದಲ್ಲಿ ಹೇಳಲು ಬರಬೇಕು. ಮಿತಿಯ ಪ್ರಶ್ನೆಯಲ್ಲೇ ಬಹಳ ಜನ ತಡವರಿಸುತ್ತಾರೆ. ಬಾಯಿಪಾಠ ಬೇಡ, ಉಪಪ್ರಶ್ನೆ ಬಂದ ಕೂಡಲೇ ಬಯಲಾಗುತ್ತದೆ.

ಉತ್ತರ 2: ಜೊತೆಗೆ ಐದಾರು ಪ್ರಸಂಗ ಆರಿಸಿಡಿ: ಆದ ತಪ್ಪು, ತಂಡದಲ್ಲಿ ಭಿನ್ನಾಭಿಪ್ರಾಯ, ಕಷ್ಟದ ರೋಗಿ. ಒಂದೇ ಪ್ರಸಂಗ ಮೂರು ಪ್ರಶ್ನೆಗೆ ಒದಗುತ್ತದೆ. ರೋಗಿಯ ಗುರುತು ಬಿಟ್ಟುಕೊಡಬೇಡಿ.

ಉತ್ತರ 3: ಟೈಮ್ ಝೋನ್ ಎರಡು ಸಲ ನೋಡಿ! ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿ, ಬೆಳಕು ಎದುರಿನಿಂದ. ಇನ್ನು, ಬೇರೆ ಎಲ್ಲೆಲ್ಲಿ ಅರ್ಜಿ ಹಾಕಿದ್ದೀರಿ ಎಂದು ಸಂದರ್ಶಕರು ಕೇಳುವುದಕ್ಕೆ, ಅಭ್ಯರ್ಥಿಗಳನ್ನು ರೆಸಿಡೆನ್ಸಿ ಸೀಟುಗಳಿಗೆ ಹೊಂದಿಸುವ ಸಂಸ್ಥೆಯಾದ ಎನ್‌ಆರ್‌ಎಂಪಿ ನಿಯಮದಲ್ಲಿ ಅವಕಾಶವಿಲ್ಲ. ಕೇಳಿದರೆ ನಯವಾಗಿ ಮಾತು ತಿರುಗಿಸಿ.