ತಲೆ ಹೋದ ಮೇಲೂ ಕೇಳುವುದು ಯಾವುದು?

ಗೋಧೂಳಿ: ಈ ವಾರದ ಸಮಸ್ಯೆ ಇದು: ಕೊನೆಯ ಸಾಲು ನನ್ನದು, ಮೇಲಿನ ಮೂರು ಸಾಲು ನಿಮ್ಮದು. ಐದೈದು ಮಾತ್ರೆಯ ಲೆಕ್ಕ, ಆದಿಪ್ರಾಸ (ಸಾಲುಗಳ ಎರಡನೇ ಅಕ್ಷರದ ಹೊಂದಿಕೆ) ಬಿಡುವಂತಿಲ್ಲ.
"ತಲೆಯ ಕಳಕೊಂಡರೂ ಕೇಳುತಿಹುದು"

ಮಂದಾನಿಲ: ತಲೆಯಿಲ್ಲ ಅಂದರೆ ಕೇತುವೇ ಅಲ್ವಾ?

ಕಲಶದಮೃತವ ಕದ್ದು ಕುಡಿದವನ ಕೊರಳನ್ನು
ಬಲು ಬೇಗ ಕತ್ತರಿಸೆ ಹರಿಯ ಚಕ್ರ,
ಹಲವರಾ ಜಾತಕದಿ ಕುಳಿತ ಕೇತುವಿನೊಡಲು
ತಲೆಯ ಕಳಕೊಂಡರೂ ಕೇಳುತಿಹುದು

ಎಳೆಬಿಸಿಲು: ನಾನು 'ಕೇಳು' ಅಂದರೆ ಪ್ರಶ್ನೆ ಕೇಳು ಅಂತ ತಗೊಂಡೆ.

ಬಲು ದಾಹ ಬಂದಾಗ ಕೊಚ್ಚಿ ಕೊಟ್ಟೆಳನೀರು
ಸಲಿಗೆಯಲಿ ನನ್ನೆದುರು ಕುಳಿತುಕೊಂಡು
'ಬೆಲೆಯೆಷ್ಟು? ಜಾಸ್ತಿ ಕೊಟ್ಟೆಯೊ?' ಎಂದು ನನ್ನನ್ನು
ತಲೆಯ ಕಳಕೊಂಡರೂ ಕೇಳುತಿಹುದು

ಗೋಧೂಳಿ: ಚೌಕಾಸಿ ಮಾಡುವ ಎಳನೀರು! ಭಲೇ.

ಕಿವಿಯೋಲೆ: ನನ್ನದು ಇಂಗ್ಲೆಂಡಿನ ಕಡೆ ಹೋಯಿತು, ಬೈಬೇಡಿ.

ಉಲಿಯನಾಲಿಪ ನುಡಿಗೆ ಹಳೆಯ ಇಂಗ್ಲಿಷಿನಲ್ಲಿ
ನೆಲಸಿತ್ತು ಮುಡಿಯಲ್ಲಿ ಕಿರು ಹಕಾರ;
ಕೆಲ ಶತಕ ಕಳೆದಾಗ ಅದು ಬಿತ್ತು, ಪದವಿನ್ನು
ತಲೆಯ ಕಳಕೊಂಡರೂ ಕೇಳುತಿಹುದು

ಆ ಪದ 'ಹ್ಲಿಸ್ಟನ್'. ಹ ಬಿದ್ದು 'ಲಿಸ್ಟ್' ಆಯಿತು.

ಮಂದಾನಿಲ: ಲಿಸ್ಟ್ ಅಂದರೆ ಸಾಮಾನಿನ ಚೀಟಿ ಅಲ್ವಾ?

ಕಿವಿಯೋಲೆ: ಅದು ಬೇರೆ ಪದ ಸರ್. ಅದಕ್ಕೆ ಮೊದಲು ಅಂಚು, ಉದ್ದನೆಯ ಪಟ್ಟಿ ಅನ್ನುವ ಅರ್ಥವಿತ್ತು. ನಮ್ಮ 'ಪಟ್ಟಿ'ಗೂ ಎರಡೂ ಅರ್ಥ ಇದೆ ನೋಡಿ. ಕೇಳುವ ಲಿಸ್ಟ್ ಈಗ ಬಳಕೆಯಲ್ಲಿಲ್ಲ. ಷೇಕ್ಸ್‌ಪಿಯರನ ಹ್ಯಾಮ್ಲೆಟ್‌ನಲ್ಲಿ ಸತ್ತ ರಾಜನ ಭೂತ ಮಗನಿಗೆ 'ಲಿಸ್ಟ್, ಲಿಸ್ಟ್, ಓ ಲಿಸ್ಟ್!' ಎಂದು ಅಂಗಲಾಚುತ್ತದೆ. ಪಾಪ, ಅದಕ್ಕೆ ಬೇಕಿದ್ದದ್ದು ದಿನಸಿ ಚೀಟಿಯಲ್ಲ.

ಗೋಧೂಳಿ: ಪದ್ಯಕ್ಕೆ ಪೂರ್ತಿ ಅಂಕ ಮೇಡಂ. ಆದರೆ ಒಂದು ತಕರಾರು. ಆ ತಲೆ ಎಲ್ಲೂ ಹೋಗಿಲ್ಲ, ದಾಯಾದಿಗಳ ಮನೆಯಲ್ಲಿದೆ. ಸಂಸ್ಕೃತದ 'ಶ್ರು' ಇದೇ ಬೇರಿನದು. ಶ್ರುತಿ, ಶ್ರವಣ, ಶ್ರೋತೃ ಎಲ್ಲ ಅಲ್ಲಿಂದಲೇ. ಮೂಲದಲ್ಲಿ ಇದ್ದದ್ದು ಕಕಾರ. ಗ್ರೀಕಿನಲ್ಲಿ ಕೀರ್ತಿಗೆ 'ಕ್ಲೇಓಸ್' ಅಂತಾರೆ, ಅಂದರೆ ನಾಲ್ಕು ಜನರ ಕಿವಿಗೆ ಬಿದ್ದದ್ದು. ಆ ಕ ಸಂಸ್ಕೃತದಲ್ಲಿ ಶ ಆಯಿತು, ಇಂಗ್ಲಿಷ್–ಜರ್ಮನ್ ಬಳಗದಲ್ಲಿ ಹ ಆಯಿತು. ಈ ಬಳಗದ ಇಂಥ ಬದಲಾವಣೆಗಳಿಗೆ ಜರ್ಮನ್ ಭಾಷಾಶಾಸ್ತ್ರಜ್ಞ ಯಾಕೋಬ್ ಗ್ರಿಮ್ 1822ರಲ್ಲೇ ನಿಯಮ ಬರೆದಿಟ್ಟಿದ್ದರು. ಶ್ವಾನ, ಹೌಂಡ್. ಅಷ್ಟೇಕೆ, ನಿಮ್ಮದೇ ಮೂರನೇ ಸಾಲು ನೋಡಿ: ಶತ, ಹಂಡ್ರೆಡ್!

ಕಿವಿಯೋಲೆ: ಅಯ್ಯೋ, 'ಶತಕ' ಮಾತ್ರೆ ತುಂಬಲಿ ಅಂತ ಸುಮ್ನೆ ಹಾಕಿದ್ದು!

ಎಳೆಬಿಸಿಲು: ಹ ಬೀಳುವುದು ದೊಡ್ಡ ಸುದ್ದಿಯೇನಲ್ಲ ಬಿಡಿ. ನಮ್ಮೂರಲ್ಲಿ ಹಾಲು ದಿನಾ 'ಆಲು' ಆಗುತ್ತದೆ. ರುಚಿ ಏನೂ ಕೆಟ್ಟಿಲ್ಲ.

ಗೋಧೂಳಿ: ಮುಂದಿನ ವಾರಕ್ಕೆ: "ಕಣ್ಣಿಗದು ಕಂಡರೂ ಕಿವಿಗೆ ಸಿಗದು". 'ಲಿಸನ್' ನಡುವೆ ಸುಮ್ಮನೆ ಕೂತಿರುವ ಟಿ ಅಕ್ಷರ ಬೇಡ. ಅದು ತೀರಾ ಸುಲಭ.