ಸಹಾಯ ಬೇಕು: ಮಡಚುವ ಚಾಕುವಿಗೆ ಚರ್ಮದ ಚೀಲ

ಎಲ್ಲರಿಗೂ ನಮಸ್ಕಾರ. ಅಣ್ಣ ಫ್ರಾನ್ಸಿನಿಂದ ತಂದುಕೊಟ್ಟ ಒಪಿನೆಲ್ ಕಂಪನಿಯ 8ನೇ ನಂಬರಿನ ಮಡಚುವ ಚಾಕು ನನ್ನಲ್ಲಿದೆ. ಮಡಚಿದರೆ ಸುಮಾರು 11 ಸೆಂ.ಮೀ. ಉದ್ದ, ಮರದ ಹಿಡಿ, ಕಾರ್ಬನ್ ಉಕ್ಕಿನ ಅಲಗು. ಮಾವಿನ ಕಸಿ ಕಟ್ಟುವಾಗ ಕಡ್ಡಿಯನ್ನು ಓರೆಯಾಗಿ ಕೆತ್ತಲು ಇದರಷ್ಟು ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ನಮ್ಮ ತೋಟ ಶಿರಸಿಯ ಕಡೆ. ಮಳೆಗಾಲದಲ್ಲಿ ಜೇಬಿನಲ್ಲಿಟ್ಟರೆ ಹಿಡಿ ಉಬ್ಬಿ ಅಲಗು ಹೊರಗೆಳೆಯಲು ಉಗುರು ಸೋಲುತ್ತದೆ. ಸಂಜೆಯೊಳಗೆ ಅಂಚಿನಲ್ಲಿ ಕಂದು ಚುಕ್ಕಿಗಳು.

ಬೆಲ್ಟಿಗೆ ಸಿಕ್ಕಿಸುವ ಸರಳ ಚರ್ಮದ ಚೀಲವನ್ನು ನಾನೇ ಹೊಲಿಯಬೇಕೆಂದಿದ್ದೇನೆ. ಹಳೆಯ ಬ್ಯಾಗಿನ ಚರ್ಮದಲ್ಲಿ ಹೊಲಿದದ್ದು ಮೆತ್ತಗಾಗಿ, ಚಾಕು ಜಾರಿಬಿದ್ದು, ಅಡಿಕೆ ಸೋಗೆಯ ನಡುವೆ ಅರ್ಧ ದಿನ ಹುಡುಕಿದೆ. ತೊಗಟೆಯಿಂದ ಹದ ಮಾಡಿದ ಚರ್ಮವನ್ನು ನೆನೆಸಿ, ಚಾಕುವಿನ ಸುತ್ತ ಒತ್ತಿ ಒಣಗಿಸಿದರೆ ಆಕಾರ ಗಟ್ಟಿಯಾಗಿ ನಿಲ್ಲುತ್ತದೆ. ಅಂಥ 2 ಮಿ.ಮೀ. ದಪ್ಪದ ಚರ್ಮ, ಎರಡು ಅಂಗೈಯಗಲದಷ್ಟು ತುಂಡು ಸಾಕು, ಹುಬ್ಬಳ್ಳಿ ಅಥವಾ ಶಿವಮೊಗ್ಗದಲ್ಲಿ ಚಿಲ್ಲರೆಯಾಗಿ ಎಲ್ಲಿ ಸಿಗುತ್ತದೆ? ಹೊರಗೆ ಜೇನುಮೇಣ ಸವರಿದರೆ ನಮ್ಮ ಮಳೆಗೆ ತಡೆಯುತ್ತದೆಯೇ, ಅಥವಾ ಒಳಗೆ ತೇವ ಕೂತು ತುಕ್ಕು ಹೆಚ್ಚುತ್ತದೆಯೇ? ಅಡಿಯಲ್ಲಿ ಒಂದು ರಂಧ್ರ ಬಿಡುವುದು ಒಳ್ಳೆಯದೇ? ಕೈಯಾರೆ ಹೊಲಿದು ಅನುಭವವಿರುವವರು ದಯವಿಟ್ಟು ತಿಳಿಸಿ. ಜೂನ್ ಹೊತ್ತಿಗೆ ಮುಗಿಸಬೇಕು.