ನಾದಿನಿಯ ಮದುವೆಗೆ ಒಡಪು ಬೇಕಾಗಿದೆ: ಹೆಸರು ಮೊದಲು ಬರಬೇಕೋ, ಕಡೆಗೆ ಬರಬೇಕೋ?

ಪ್ರಶ್ನೆ: ಮೈಸೂರಿನ ಮಗಳು, ಹುಬ್ಬಳ್ಳಿಯ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಎರಡು ವರ್ಷದ ಹಿಂದೆ ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ಮನೆ ತುಂಬಿಸಿಕೊಳ್ಳುವ ದಿನ ನಾದಿನಿ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರನ್ನು ಒಡಪಿನಲ್ಲಿ, ಅಂದರೆ ಪ್ರಾಸದ ಸಾಲುಗಳಲ್ಲಿ ಹೆಣೆದು, ಹೇಳದೆ ಒಳಗೆ ಬಿಡುವುದಿಲ್ಲವೆಂದು ಹಟ ಹಿಡಿದಳು. ದಾರಿಯಲ್ಲಿ ಕಾರಿನೊಳಗೆ ನನ್ನ ಗಂಡನ ಸೋದರತ್ತೆ ನಾಲ್ಕು ಸಾಲು ಬಾಯಿಪಾಠ ಮಾಡಿಸಿದ್ದರು. ಆದರೆ ಹೊಸ್ತಿಲ ಮೇಲಿನ ಅಕ್ಕಿಯ ಸೇರು, ಎದುರಿಗಿದ್ದ ಆರತಿ, ಸುತ್ತಲೂ ಕಿವಿ ನೆಟ್ಟು ನಿಂತ ಮೂವತ್ತು ಜನ, ಇಷ್ಟನ್ನು ಕಂಡೊಡನೆ ಮೊದಲ ಸಾಲು ಮುಗಿಯುವ ಮುನ್ನವೇ ಹೆಸರು ಬಾಯಿಗೆ ಬಂದುಬಿಟ್ಟಿತು. ಉಳಿದ ಮೂರು ಸಾಲನ್ನು ಹೆಸರಿನ ನಂತರ ಹೇಳಿ ಒಳಗೆ ಹೋದೆ. ಇಂದಿಗೂ ಮನೆಯಲ್ಲಿ ಯಾವುದಾದರೂ ಕೆಲಸ ಹಿಂದುಮುಂದಾದರೆ ಅದಕ್ಕೆ "ವೈನಿಯ ಒಡಪು", ಅಂದರೆ ಅತ್ತಿಗೆಯ ಒಡಪು, ಎಂದೇ ಹೆಸರು.

ಬರುವ ಶ್ರಾವಣದಲ್ಲಿ ಅದೇ ನಾದಿನಿಯ ಮದುವೆ. ಹಿರಿಯ ಸೊಸೆಯಾದ ನನ್ನನ್ನು ಮತ್ತೆ ಕೇಳಿಯೇ ಕೇಳುತ್ತಾರೆ. ಈ ಸಲ ನನ್ನದೇ ಒಡಪು ಇರಬೇಕೆಂಬ ಆಸೆ. ಕಳೆದ ಶನಿವಾರ ಮಧ್ಯಾಹ್ನ ಹಿಡಿದ ಗಾಳಿಮಳೆ ಭಾನುವಾರ ಸಂಜೆಯವರೆಗೂ ಬಿಡಲಿಲ್ಲ. ಕರೆಂಟು ಹೋಯಿತು, ಮೊಬೈಲುಗಳು ಒಂದೊಂದಾಗಿ ಆರಿದವು, ಒಗೆದ ಬಟ್ಟೆಯನ್ನೆಲ್ಲ ಹಜಾರದಲ್ಲಿ ಹಗ್ಗ ಕಟ್ಟಿ ಹರವಿದ್ದೆವು. ಆ ಹಸಿ ಸೀರೆ ಲುಂಗಿಗಳ ನಡುವೆ ಒಂದು ಮೇಣದ ಬತ್ತಿ ಹಚ್ಚಿಕೊಂಡು ನಾನೂ ನನ್ನ ಗಂಡನೂ ಒಡಪು ಬರೆಯಲು ಕುಳಿತೆವು. ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಅವರು ಬತ್ತಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಒಂದು ಗಂಟೆಯಲ್ಲಿ ಒಂದು ಸಾಲೂ ಆಗಲಿಲ್ಲ, ವಾದ ಮಾತ್ರ ಚೆನ್ನಾಗಿ ಆಯಿತು. "ಮಳೆ" ಎಂದು ನಾನು ಬರೆದರೆ "ಮಳಿ" ಎಂದು ಅವರು ತಿದ್ದಿದರು. ಹೆಸರನ್ನು ಮೊದಲ ಸಾಲಿನಲ್ಲೇ ಇಟ್ಟರೆ ಮರೆಯುವ ಭಯವಿರುವುದಿಲ್ಲ ಎಂದು ನಾನೆಂದರೆ, "ಹೆಸರು ಮೊದಲ ಹೇಳಿದಮ್ಯಾಲ ಒಡಪಿನ್ಯಾಗ ಏನು ಉಳೀತು?" ಎಂದು ಅವರು ಕೇಳಿದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಇದು ಉಂಡು ಮಲಗಿ ಎದ್ದ ಮೇಲೂ ಮುಂದುವರಿದಿದೆ.

ಒಡಪು ಕಟ್ಟುವುದು ಹೇಗೆಂದು ಬಲ್ಲವರು ತಿಳಿಸಿಕೊಡಬೇಕು. ಇನ್ನೊಂದು ಮಾತು. ಮದುವೆಯಲ್ಲಿ ಆಡಿಸುವ ಇಂಥ ಆಟಗಳು ಆಮೇಲೆ ನಿಮ್ಮ ಮನೆಗಳಲ್ಲಿ ಉಳಿದಿವೆಯೇ, ಅಥವಾ ಚಪ್ಪರದ ಜೊತೆಗೇ ಬಿಚ್ಚಿ ಹೋಗುತ್ತವೆಯೇ?

ಉತ್ತರ 1: ಧಾರವಾಡದ ಅಜ್ಜಿ

ತಂಗಿ, ನಿಮ್ಮ ಯಜಮಾನರು ಹೇಳಿದ್ದೇ ಸರಿ. ಹೆಸರು ಕಡೆಯ ಸಾಲಿನಲ್ಲೇ ಬರಬೇಕು. ನಮ್ಮ ಕಡೆ ಒಡಪು ಎಂದರೆ ಒಗಟು ಎಂಬ ಅರ್ಥವೂ ಇದೆ. ಕೇಳುವವರಿಗೆ ಹೆಸರು ಮೊದಲೇ ಗೊತ್ತು, ಹೇಳುವವಳಿಗೂ ಗೊತ್ತು. ಆದರೂ ಅದು ಯಾವ ದಾರಿಯಿಂದ ಬರುತ್ತದೆಂದು ಎಲ್ಲರೂ ಉಸಿರು ಬಿಗಿ ಹಿಡಿದು ಕಾಯುತ್ತಾರಲ್ಲ, ಆ ಕಾಯುವಿಕೆಗಾಗಿಯೇ ಮುಂಚಿನ ಸಾಲುಗಳಿರುವುದು. ಎರಡು ಸಾಲಿನ ಒಡಪೂ ಆಗುತ್ತದೆ, ನಾಲ್ಕು ಸಾಲಿನದೂ ಆಗುತ್ತದೆ. ಬಾಗಿಲು, ಪಡಸಾಲೆ, ದೇವರ ಮನೆ, ಅಡಿಗೆ ಮನೆ ಎಂದು ಇಡೀ ಮನೆಯನ್ನೇ ತಿರುಗಾಡಿಸಿ ಕಟ್ಟಕಡೆಗೆ ಗಂಡನ ಹೆಸರಿಗೆ ತಂದು ನಿಲ್ಲಿಸುವ ಉದ್ದನೆಯ ಒಡಪುಗಳನ್ನು ನಮ್ಮ ತಾಯಿಯ ಕಾಲದವರು ಹೇಳುತ್ತಿದ್ದರು. ಮದುವೆಗಷ್ಟೇ ಅಲ್ಲ, ಬಸುರಿಗೆ ಮಾಡುವ ಕುಬಸದಲ್ಲೂ ಕೇಳುತ್ತಾರೆ, ತೊಟ್ಟಿಲ ಕಾರ್ಯದಲ್ಲೂ ಕೇಳುತ್ತಾರೆ. ಗಂಡಸರೂ ಹೆಂಡತಿಯ ಹೆಸರನ್ನು ಒಡಪಿನಲ್ಲಿ ಹೇಳಲೇಬೇಕು. ನಿಮ್ಮ ಯಜಮಾನರನ್ನು ಬಿಡಬೇಡಿರಿ.

ಕಟ್ಟುವ ರೀತಿ ಹೀಗೆ. ಕಣ್ಣೆದುರಿಗಿರುವ ಒಂದು ವಸ್ತುವನ್ನು ಹಿಡಿಯಬೇಕು, ಅದರ ಧ್ವನಿಗೆ ಕೂಡುವ ಇನ್ನೊಂದು ಮಾತನ್ನು ಹುಡುಕಬೇಕು. ಬೆಳ್ಳಿಯ ಬಟ್ಟಲು, ಬಂಗಾರದ ಬಳೆ, ಮಲ್ಲಿಗೆ ದಂಡೆ ಇವು ಎಲ್ಲರ ಒಡಪಿನಲ್ಲೂ ಬರುತ್ತವೆ. ಬಂದರೆ ತಪ್ಪಿಲ್ಲ, ಆದರೆ ಅದು ನಿಮ್ಮದಾಗುವುದಿಲ್ಲ. ನಿಮ್ಮದು ನಿಮ್ಮ ಪತ್ರದಲ್ಲಿಯೇ ಕುಳಿತಿದೆ. ಕಳೆದ ವಾರ ಸುರಿದದ್ದು ಆರಿದ್ರಾ ಮಳೆ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನಿಮ್ಮ ಹಗ್ಗದ ಮೇಲಿನ ಬಟ್ಟೆಯೂ ಆರಲಿಲ್ಲ, ನೀವು ಹಚ್ಚಿದ ಬತ್ತಿಯೂ ಆರಲಿಲ್ಲ. ಮಳೆ ಆರುವುದು ಬೇರೆ, ಬಟ್ಟೆ ಆರುವುದು ಬೇರೆ, ದೀಪ ಆರುವುದು ಬೇರೆ. ಮಾತು ಮಾತ್ರ ಒಂದೇ. ಎರಡು ಸಾಲನ್ನು ನಾನು ಕೊಡುತ್ತೇನೆ:

ಆರಿದ್ರಾ ಮಳಿಯಾಗ ಆರಲಿಲ್ಲ ಅರಿವಿ,
ಗಾಳಿ ಬೀಸಿದರೂ ಆರಲಿಲ್ಲ ದೀವಿಗಿ...

ನಮ್ಮಲ್ಲಿ ಬಟ್ಟೆಗೆ ಅರಿವಿ ಎನ್ನುತ್ತೇವೆ, ಅತ್ತೆಯವರನ್ನು ಕೇಳಿದರೆ ಹೇಳುತ್ತಾರೆ. ಮುಂದಿನ ಎರಡು ಸಾಲನ್ನು ನೀವಿಬ್ಬರೂ ಕೂಡಿ ಮಾಡಿರಿ. ಬತ್ತಿಗೆ ಅಂಗೈ ಅಡ್ಡ ಹಿಡಿದವರು ಯಾರೆಂಬುದು ಅದರಲ್ಲಿ ಬರಲಿ.

ಉತ್ತರ 2: ಬೆಂಗಳೂರಿನವಳು

ನನ್ನದೊಂದು ಸಂದೇಹ. ನಾವು ಗಂಡ ಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುತ್ತೇವೆ, ಮದುವೆಗೆ ಮುಂಚಿನಿಂದಲೂ ಹಾಗೆಯೇ. ಹೆಸರು ಹೇಳಬಾರದೆಂಬ ಕಟ್ಟು ಇದ್ದಾಗ ಒಡಪಿಗೆ ಒಂದು ಅರ್ಥವಿತ್ತು. ದಿನಕ್ಕೆ ಇಪ್ಪತ್ತು ಸಲ ಹೆಸರು ಕೂಗುವವರು ಅದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಏನು ಸೊಗಸಿದೆ?

ಹೇಳುವುದೇ ಆದರೆ ಮೊಬೈಲು ನೋಡಿಕೊಂಡು ಓದಬೇಡಿ, ವಾಲಗದವರನ್ನು ಎರಡು ನಿಮಿಷ ನಿಲ್ಲಿಸಲು ಮೊದಲೇ ಹೇಳಿಡಿ. ನನ್ನ ಅಕ್ಕನ ಮದುವೆಯಲ್ಲಿ ಭಾವನವರು ಹೇಳಿದ ಅಷ್ಟು ಚೆಂದದ ಸಾಲುಗಳು ಡೋಲಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಉತ್ತರ 3: ಸಾಗರ ಸೀಮೆಯ ಗೃಹಿಣಿ

ನಮ್ಮ ಮನೆಯ ಮದುವೆಗಳಲ್ಲಿ ಒಡಪಿಲ್ಲ, ಉರುಟಣೆ ಇದೆ. ವಧೂವರರನ್ನು ಎದುರುಬದುರಾಗಿ ಕೂರಿಸಿ, ಒಬ್ಬರಿಗೊಬ್ಬರು ಅರಿಶಿನ ಹಚ್ಚುವುದು, ತಲೆ ಬಾಚುವುದು, ತಾಂಬೂಲ ಕೊಡುವುದು, ಇವನ್ನೆಲ್ಲ ಹೆಂಗಸರು ಹಾಡು ಹೇಳಿ ಮಾಡಿಸುತ್ತಾರೆ. ಬೆಂಗಳೂರಿನ ತಂಗಿಯ ಪ್ರಶ್ನೆಗೆ ನನ್ನ ಮನೆಯ ಒಂದು ಶನಿವಾರದ ಕಥೆಯೇ ಉತ್ತರವಾಗಬಹುದೆಂದು ಬರೆಯುತ್ತಿದ್ದೇನೆ.

ನಾನು ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. "ಹೋಯ್" ಎಂದೋ "ಕೇಳ್ತಾ" ಎಂದೋ ಮದುವೆಯಾದ ಹದಿನೈದು ವರ್ಷ ಸಾಗಿತ್ತು. ಆ ವರ್ಷ ಆಗಸ್ಟಿನಲ್ಲಿ ಮೂರು ದಿನದಿಂದ ಒಂದೇ ಸಮನೆ ಮಳೆ ಹೊಡೆಯುತ್ತಿತ್ತು. ಅಡಿಕೆಗೆ ಕೊಳೆರೋಗ ಬರುವ ಕಾಲ; ಮೈಲುತುತ್ತ, ಸುಣ್ಣ ತಂದಿಟ್ಟು ಮದ್ದು ಹೊಡೆಯಲು ಮಳೆ ಬಿಟ್ಟ ಒಂದು ಹೊಳವು ಸಿಗುತ್ತದೇನೋ ಎಂದು ಕಾಯುತ್ತಿದ್ದೆವು. ಇವರು ಕಂಬಳಿ ಕೊಪ್ಪೆ ಹೊದ್ದು, ನೀರು ಹರಿಯುವ ಕಾದಿಗೆ ಬಿಡಿಸುತ್ತೇನೆಂದು ಹಳ್ಳದ ಆಚೆಯ ತೋಟಕ್ಕೆ ಹೋಗಿದ್ದರು. ಅಷ್ಟರಲ್ಲಿ ದೊಡ್ಡದೊಂದು ಮರ ಹಳ್ಳ ದಾಟುವ ಸಂಕದ (ಕಾಲುಸೇತುವೆಯ) ಮೇಲೆ ಬಿತ್ತು. ಸಂಕ ಪೂರಾ ಮುರಿಯಲಿಲ್ಲ, ನಡುವೆ ಬಿರುಕು ಬಿಟ್ಟು ಬಾಗಿತು. ತಲೆಯ ಮೇಲೆ ಕೊಪ್ಪೆ ಎಳೆದುಕೊಂಡು ನೆಲ ನೋಡುತ್ತ ಬರುವವರು ಅದನ್ನು ಕಾಣದೆ ಕಾಲಿಟ್ಟರೆ ಎಂಬ ಹೆದರಿಕೆಗೆ ನಾನು ಈಚೆ ದಡದಲ್ಲಿ ನಿಂತು, ನಮ್ಮೂರಿನ ಪದ್ಧತಿಯಂತೆ "ಕೂ..." ಎಂದು ಕೂಗಿದೆ.

ಪಕ್ಕದ ತೋಟದವರು "ಕೂ" ಎಂದರು. ಅವರ ಕೂಗಿಗೆ ಇವರು "ಕೂ" ಎಂದರು. ನಾನು ಇನ್ನೊಮ್ಮೆ ಕೂಗಿದರೆ ಮೇಲಿನ ಮನೆಯವರೂ ಸೇರಿಕೊಂಡರು. ಆ ಮಳೆಯಲ್ಲಿ ನಾಲ್ಕು ದಿಕ್ಕಿನಿಂದ "ಕೂ" ಬರತೊಡಗಿತು, ಇವರು ಮಾತ್ರ ಸಂಕದ ಕಡೆಗೇ ಬರುತ್ತಿದ್ದರು. ಆಗ ನಾನು ಹೊಟ್ಟೆಯೊಳಗಿನ ಉಸಿರನ್ನೆಲ್ಲ ಕೂಡಿಸಿ ಇವರ ಹೆಸರನ್ನು, ಮನೆಯ ಹಿರಿಯರು ಇಟ್ಟ ಪೂರ್ತಿ ಹೆಸರನ್ನು, ಕೂಗಿದೆ. ಇವರು ನಿಂತಲ್ಲೇ ನಿಂತರು. ಸಂಕವನ್ನು ಇನ್ನೂ ನೋಡಿರಲಿಲ್ಲ; ಹೆಸರು ಕೇಳಿಯೇ ನಿಂತದ್ದು.

ಮೇಲಿನ ದಾರಿಯಿಂದ ಸುತ್ತು ಹಾಕಿಕೊಂಡು ಮನೆಗೆ ಬಂದ ಮೇಲೆ, ಬಚ್ಚಲ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತ "ಇನ್ನೊಂದ್ಸಲ ಕರಿ ನೋಡನ" ಎಂದರು. ನನಗೆ ಬಾಯಿ ಬರಲಿಲ್ಲ. ಒಳಗೆ ಹಲಸಿನ ಹಪ್ಪಳ ಸುಡುತ್ತಿದ್ದ ಅತ್ತೆಯವರು, ಹಿಂದೊಂದು ದೊಡ್ಡ ಮಳೆಯ ವರ್ಷ ಕೊಟ್ಟಿಗೆಯ ಗೋಡೆ ಕುಸಿದಾಗ ತಾವೂ ಮಾವನವರ ಹೆಸರನ್ನು ಹೀಗೆಯೇ ಕೂಗಿದ್ದನ್ನು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದರು.

ಉತ್ತರ 4: ಉಡುಪಿಯಿಂದ

ಗಂಡಸರ ಕಡೆಯಿಂದಲೂ ಒಂದು ಮಾತು ಇರಲಿ. ನಮ್ಮ ಮದುವೆ ನಡೆದದ್ದು 2021ರ ಏಪ್ರಿಲ್ ಕೊನೆಯಲ್ಲಿ, ಕೊರೊನಾದ ಎರಡನೆಯ ಅಲೆಯ ನಡುವೆ. ಬೆರಳೆಣಿಕೆಯ ನೆಂಟರು, ಮುಖಗವಸು. ಧಾರೆಯಾದೊಡನೆ ಊಟ, ಊಟವಾದೊಡನೆ ಎಲ್ಲರೂ ತಂತಮ್ಮ ಮನೆಗೆ. ಆಟಗಳಿಗೆ ಸಮಯವೇ ಇರಲಿಲ್ಲ. ನನ್ನ ಹೆಂಡತಿಗೆ ಅದೊಂದು ಕೊರಗು. ತನ್ನ ಅಕ್ಕಂದಿರ ಮದುವೆಯಲ್ಲಿ ಓಕುಳಿ ನೀರಿನಿಂದ ಉಂಗುರ ಹುಡುಕುವ ಆಟಕ್ಕೆ ತಾನೇ ಮುಂದೆ ಕುಳಿತಿದ್ದವಳು.

ಮೇ 15 ಶನಿವಾರ, ಲಾಕ್‌ಡೌನ್ ಇದ್ದ ದಿನಗಳು. ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಹೋದದ್ದು ಆ ಶನಿವಾರ, ಭಾನುವಾರ. ಅದು ಗುಜರಾತಿನಲ್ಲಿ ನೆಲ ಮುಟ್ಟಿದ್ದು 17ರ ರಾತ್ರಿ. ಆದರೆ ಎರಡು ದಿನ ಮುಂಚೆಯೇ ನಮ್ಮ ಮನೆಯ ತೆಂಗಿನ ಮರಗಳ ತಲೆಗಳು ಒಂದಕ್ಕೊಂದು ತಾಗುತ್ತಿದ್ದವು, ಕಡಲಿನ ಸದ್ದು ಗೋಡೆಯೊಳಗಿಂದ ಬಂದಂತೆ ಕೇಳುತ್ತಿತ್ತು. ಕರೆಂಟಿಲ್ಲ. ಮನೆಯಲ್ಲಿದ್ದವರು ನಾವಿಬ್ಬರು ಮತ್ತು ನನ್ನ ಅಜ್ಜಿ. ಸೊಸೆಯ ಮುಖ ಸಪ್ಪಗಿದ್ದುದನ್ನು ಗಮನಿಸಿದ ಅಜ್ಜಿ, ಕಾರಣ ತಿಳಿದೊಡನೆ ಹಿತ್ತಾಳೆಯ ದೊಡ್ಡ ಪಾತ್ರೆಗೆ ನೀರು ತುಂಬಿಸಿ ಅರಿಶಿನ ಕಲಸಿ, ಚಿಟಿಕೆ ಸುಣ್ಣ ಹಾಕಿದರು. ಹಳದಿ ನೀರು ನೋಡನೋಡುತ್ತ ಕೆಂಪಾಯಿತು. ಕಾಲುದೀಪದ ಬೆಳಕಿನಲ್ಲಿ ಕೆಂಪು ನೀರಿನ ತಳ ಕಾಣುತ್ತಿರಲಿಲ್ಲ. ಉಂಗುರ ಹಾಕಿ ಮೂರು ಸಲ ಹುಡುಕಿಸಿದರು. ಎರಡು ಸಲ ಅವಳಿಗೆ, ಒಂದು ಸಲ ನನಗೆ ಸಿಕ್ಕಿತು. ಪ್ರತಿ ಸಲವೂ ಅಜ್ಜಿಯ ಕೈ ಅವಳ ಕಡೆಗೇ ಸ್ವಲ್ಪ ಹೆಚ್ಚು ಬಾಗಿದ್ದನ್ನು ನಾನು ನೋಡಿದ್ದೇನೆ, ಇಷ್ಟು ವರ್ಷವಾದರೂ ಹೇಳಿಲ್ಲ.

ಕಡೆಗೆ ಅಜ್ಜಿ ನನಗೆ ಹೆಂಡತಿಯ ಹೆಸರು ಹೇಳಲು ಹೇಳಿದರು. ನಾನು ಹೇಳಿದೆ. ಅದೇ ಹೊತ್ತಿಗೆ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. ಅಜ್ಜಿ "ಕೃಷ್ಣ ಕೃಷ್ಣ" ಎಂದು ಬೆರಳಿನಿಂದ ನೆಲ ತಟ್ಟಿದರು, ಹೇಳಿದ ಮಾತು ಸತ್ಯವೆಂದು ಅದರ ಅರ್ಥ. ತೌಕ್ತೆ ಎಂಬುದು ಮ್ಯಾನ್ಮಾರಿನವರು ಕೊಟ್ಟ ಹೆಸರು, ಅವರ ಭಾಷೆಯಲ್ಲಿ ಅದು ಜೋರಾಗಿ ಸದ್ದು ಮಾಡುವ ಒಂದು ಬಗೆಯ ಹಲ್ಲಿಯ ಹೆಸರು ಎಂಬುದು ಕರೆಂಟು ಬಂದ ಮೇಲೆ ತಿಳಿಯಿತು. ಹೊರಗೂ ಹಲ್ಲಿ, ಒಳಗೂ ಹಲ್ಲಿ ಎಂದು ಅವಳು ಅಂದು ನಕ್ಕ ನಗು ನೆನಪಿದೆ. ಈಗಲೂ ಪ್ರತಿ ವರ್ಷ ಮೊದಲ ದೊಡ್ಡ ಮಳೆಗೆ ಕರೆಂಟು ಹೋದರೆ ನಮ್ಮ ಮನೆಯಲ್ಲಿ ಹಿತ್ತಾಳೆಯ ಪಾತ್ರೆ ಹೊರಗೆ ಬರುತ್ತದೆ. ಆಟ ಉಳಿದಿದೆಯೇ ಎಂದು ಕೇಳಿದಿರಲ್ಲ, ನಮ್ಮಲ್ಲಿ ಅದು ಮದುವೆಯ ಮೂರು ವಾರದ ನಂತರ ಶುರುವಾದದ್ದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ವಂದನೆ. ಅಜ್ಜಿಯವರು ಕೊಟ್ಟ ಎರಡು ಸಾಲನ್ನು ಓದಿ ಹೇಳಿದಾಗ ನನ್ನವರು ತಾವು ಗೆದ್ದ ಸಂತೋಷವನ್ನು ಮುಚ್ಚಿಡಲಿಲ್ಲ, ಹೆಸರು ಕಡೆಗೇ ಹೋಯಿತು. ಉಳಿದ ಎರಡು ಸಾಲನ್ನು ಇಬ್ಬರೂ ಕೂಡಿ ಮಾಡಿದೆವು. "ಕೈ" ನನ್ನದು, "ಸೈ" ಅವರದು:

ಆರಿದ್ರಾ ಮಳಿಯಾಗ ಆರಲಿಲ್ಲ ಅರಿವಿ,
ಗಾಳಿ ಬೀಸಿದರೂ ಆರಲಿಲ್ಲ ದೀವಿಗಿ;
ಬತ್ತಿಗೆ ಅಡ್ಡ ಹಿಡಿದರು ಬೆಚ್ಚನ್ನ ಕೈ,
ನಮ್ಮ ...ರಾಯರು ಇದ್ದರ ಎಂಥಾ ಮಳಿಗೂ ಸೈ.

ನಿನ್ನೆ ಭಾನುವಾರ ಅತ್ತೆ ಮಾವ ಇರುವ ಧಾರವಾಡದ ಮನೆಗೆ ಹೋದಾಗ ಅಡಿಗೆ ಮನೆಯಲ್ಲಿ ಅತ್ತೆಯವರ ಮುಂದೆ ಇದನ್ನು ಹೇಳಿ ನೋಡಿದೆ, ಒಂದು ಸಾಲೂ ತಪ್ಪಲಿಲ್ಲ. ಅವರು ಲಟ್ಟಣಿಗೆ ಕೆಳಗಿಟ್ಟು ಪೂರ್ತಿ ಕೇಳಿದರು, "ಬೆಚ್ಚನ್ನ" ಎಂಬಲ್ಲಿ ಸ್ವಲ್ಪ ಎಳೆದು ಹೇಳಬೇಕೆಂದು ತೋರಿಸಿಕೊಟ್ಟರು. ಆಮೇಲೆ ನಾನು ಕೇಳದೆಯೇ, ತಮ್ಮ ಮದುವೆಯಲ್ಲಿ ಹೇಳಿದ ಎಂಟು ಸಾಲಿನ ಒಡಪನ್ನು ಒಂದೇ ಉಸಿರಿನಲ್ಲಿ ಹೇಳಿದರು. ಮಾವನವರ ಹೆಸರನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ ಮಾವನವರು ಅದನ್ನು ಮಡಿಸಿ ಪಕ್ಕಕ್ಕಿಟ್ಟು, ಕನ್ನಡಕ ತೆಗೆದು, ಅಡಿಗೆ ಮನೆಯ ಬಾಗಿಲಿನ ಕಡೆಗೆ ನೋಡಿದರು.